ಇಪ್ಪತ್ತುನಾಲ್ಕು ತಾಸಿನ ಪಂದ್ಯವೂ ನಮ್ಮ ಘಟ್ಟದ ಲಾರಿಯೂ

೨೦೨೫ರ ಜನವರಿ ೧೧ ಮತ್ತು ೧೨ರಂದು ದುಬೈ ನಗರದಲ್ಲಿ ಇಪ್ಪತ್ತುನಾಲ್ಕು ತಾಸುಗಳ ಮೋಟಾರು ಪಂದ್ಯವು ನಡೆಯಿತು. ಪ್ರವಾಸದ ಮೋಟಾರುಗಳೂ ಕ್ರೀಡಾ ಮೋಟಾರುಗಳೂ ಒಂದೇ ಹಾದಿಯಲ್ಲಿ ಒಂದು ಹಗಲು, ಒಂದು ರಾತ್ರಿ ಎಡೆಬಿಡದೆ ಓಡಿದವು. ತಮಿಳು ಚಲಚ್ಚಿತ್ರಗಳ ನಟರಾದ ಶ್ರೀ ಅಜಿತ್ ಕುಮಾರರು ಕಟ್ಟಿದ ತಂಡವು ತನ್ನ ವರ್ಗದಲ್ಲಿ ಮೂರನೆಯ ಸ್ಥಾನವನ್ನು ಗಳಿಸಿತು. ಆ ಸುದ್ದಿಯು ದೇಶದ ಮೂಲೆಮೂಲೆಗೂ ಹಬ್ಬಿತು; ಭಾರತದ ಧ್ವಜವು ಪರದೇಶದಲ್ಲಿ ಹಾರಿದುದನ್ನು ಕಂಡು ನಮ್ಮ ತರುಣರು ಹಿಗ್ಗಿದರು. ಆ ಹಿಗ್ಗಿನಲ್ಲಿ ನಾವೂ ಪಾಲುಗಾರರೇ.

ಇದಾದ ಹತ್ತು ದಿನಗಳಿಗೆ, ಜನವರಿ ೨೨ರ ಬೆಳಗಿನ ಜಾವದ ಕತ್ತಲಲ್ಲಿ, ಸವಣೂರಿನಿಂದ ಕುಮಟೆಯ ಸಂತೆಗೆ ಕಾಯಿಪಲ್ಲೆ ಹಣ್ಣುಗಳನ್ನು ಹೇರಿಕೊಂಡು ಹೊರಟಿದ್ದ ಲಾರಿಯೊಂದು ಯಲ್ಲಾಪುರ ತಾಲೂಕಿನ ಗುಳ್ಳಾಪುರದ ಬಳಿ ಕಣಿವೆಗೆ ಉರುಳಿತು. ಹೊರೆಯ ಮೇಲೆಯೇ ಕುಳಿತು ಪ್ರಯಾಣ ಮಾಡುತ್ತಿದ್ದ ಬಡ ವ್ಯಾಪಾರಿಗಳಲ್ಲಿ ಹತ್ತು ಮಂದಿ ಅಸುನೀಗಿದರು. ಎದುರಿನ ವಾಹನಕ್ಕೆ ದಾರಿ ಬಿಡಲು ಲಾರಿಯು ಅಂಚಿಗೆ ಸರಿದುದೇ ಮುಳುವಾಯಿತೆಂದೂ, ಕಣಿವೆಯ ಬದಿಯಲ್ಲಿ ತಡೆಗೋಡೆ ಇರಲಿಲ್ಲವೆಂದೂ ಆಗ ವರದಿಯಾಯಿತು. ಈ ಸುದ್ದಿಯೂ ಹಬ್ಬಿತು. ಆದರೆ ಎರಡು ದಿನಗಳಲ್ಲಿ ಅಡಗಿಹೋಯಿತು.

ಈ ಎರಡು ಸುದ್ದಿಗಳಿಗೆ ಏನು ಸಂಬಂಧವೆಂದು ವಾಚಕರು ಕೇಳಬಹುದು. ಒಂದು ಶ್ರೀಮಂತರ ಆಟ, ಇನ್ನೊಂದು ಬಡವರ ಸಾವು ಎಂದು ಬೇರ್ಪಡಿಸಿ ಕೈತೊಳೆದುಕೊಳ್ಳುವದು ಸುಲಭ. ಆದರೆ ಆ ಆಟವನ್ನು ಆಡುವವರು ತಮ್ಮ ಸಾರಥಿಗಳಿಗೆ ಕಡ್ಡಾಯವಾಗಿ ಕೊಡುವ ಒಂದು ವಸ್ತುವನ್ನು ನಾವು ನಮ್ಮ ಲಾರಿಯ ಚಾಲಕರಿಗೆ ಕೊಡದೆ ಉಳಿದಿದ್ದೇವೆ. ಅದು ಹಣವಲ್ಲ, ಯಂತ್ರವಲ್ಲ, ಅದು ನಿದ್ರೆ. ಇಂದು ನಾವು ಹೇಳಬೇಕಾಗಿರುವದು ಇಷ್ಟೇ. ಗುಳ್ಳಾಪುರದ ಚಾಲಕನು ನಿದ್ರೆಗೆಟ್ಟಿದ್ದನೆಂದು ನಾವು ಸರ್ವಥಾ ಹೇಳುತ್ತಿಲ್ಲ. ಅದನ್ನು ನಿರ್ಣಯಿಸುವದು ನಮ್ಮ ಕೆಲಸವಲ್ಲ. ಆದರೆ ಆ ಹಾದಿಯಲ್ಲಿ ಆ ಹೊತ್ತಿನಲ್ಲಿ ಚಕ್ರ ಹಿಡಿದು ಕುಳಿತಿರುವ ನೂರಾರು ಜನರ ಸ್ಥಿತಿಯನ್ನು ವಿಚಾರಿಸದೆ ಇರುವದು ನಾಡಿನ ಕರ್ತವ್ಯಲೋಪವೆಂದು ಮಾತ್ರ ನಾವು ಸ್ಪಷ್ಟವಾಗಿ ಹೇಳುತ್ತೇವೆ.

ಈ ದಿನವಿಡೀ ನಡೆಯುವ ಪಂದ್ಯಗಳ ಮೂಲವನ್ನು ತುಸು ನೋಡೋಣ. ಫ್ರಾನ್ಸ್ ದೇಶದ ಲ ಮಾನ್ ಎಂಬ ಊರಿನಲ್ಲಿ ೧೯೨೩ರ ಮೇ ೨೬ ಮತ್ತು ೨೭ರಂದು ಅಲ್ಲಿಯ ಮೊದಲ ಇಪ್ಪತ್ತುನಾಲ್ಕು ತಾಸುಗಳ ಪಂದ್ಯವು ನಡೆಯಿತು. ಮರುವರ್ಷ ಬೆಲ್ಜಿಯಮಿನ ಸ್ಪಾ ಎಂಬಲ್ಲಿ ಮತ್ತೊಂದು ಹುಟ್ಟಿತು. ೧೯೭೦ರಲ್ಲಿ ಜರ್ಮನಿಯ ನ್ಯೂರ್ಬರ್ಗ್‌ರಿಂಗಿನಲ್ಲಿಯೂ, ೨೦೦೬ರಲ್ಲಿ ದುಬೈಯಲ್ಲಿಯೂ ಅದೇ ಮಾದರಿ ನೆಲೆಗೊಂಡಿತು. ಲ ಮಾನಿನ ಪಂದ್ಯವನ್ನು ಆರಂಭಿಸಿದವರ ಉದ್ದೇಶವು ಕೇವಲ ವೇಗವಾಗಿರಲಿಲ್ಲ. ಸಾಮಾನ್ಯ ಪ್ರಯಾಣಿಕನು ಕೊಂಡು ಓಡಿಸುವಂಥ ಗಾಡಿಯು ಒಂದಿಡೀ ರಾತ್ರಿ ನಂಬಿಗೆಯಿಂದ ನಡೆದೀತೇ, ಅದರ ದೀಪಗಳು ಕತ್ತಲಲ್ಲಿ ಉಳಿದಾವೇ, ಅದರ ಯಂತ್ರವು ಮಳೆಯಲ್ಲಿ ಕೈಕೊಡದೆ ಇದ್ದೀತೇ ಎಂಬದನ್ನು ಒರೆಗೆ ಹಚ್ಚುವದೇ ಮುಖ್ಯ ಗುರಿಯಾಗಿದ್ದಿತು. ಆ ಮೊದಲನೆಯ ಸಲ ೩೩ ಗಾಡಿಗಳು ಹೊರಟವು. ಮಳೆ ಆಲಿಕಲ್ಲುಗಳ ನಡುವೆ ೩೦ ಗಾಡಿಗಳು ಕೊನೆಯವರೆಗೆ ನಿಂತವು. ಗೆದ್ದ ಗಾಡಿಯು ಇಪ್ಪತ್ತುನಾಲ್ಕು ತಾಸುಗಳಲ್ಲಿ ೨,೨೦೯ ಕಿಲೋಮೀಟರು ಕ್ರಮಿಸಿತು. ೨೦೧೦ರಲ್ಲಿ ಅದೇ ಊರಿನ ಪಂದ್ಯದಲ್ಲಿ ಗೆದ್ದ ಗಾಡಿಯು ೫,೪೧೦ ಕಿಲೋಮೀಟರುಗಳನ್ನು ಮುಟ್ಟಿತು.

ಅದೇ ೧೯೨೩ರಲ್ಲಿ ನಮ್ಮ ಶಿರಸಿಯಲ್ಲಿ ಅಡಿಕೆ ಬೆಳೆಗಾರರು ತಮ್ಮ ತೋಟಗಾರ್ಸ್ ಸಹಕಾರಿ ಮಾರಾಟ ಸಂಘವನ್ನು ಕಟ್ಟಿದರೆಂಬದು ಇಲ್ಲಿ ನೆನಪಿಗೆ ಬರುತ್ತದೆ. ಅಲ್ಲಿ ಗಾಡಿಯ ಸಹನಶಕ್ತಿಯನ್ನು ಅಳೆಯುತ್ತಿದ್ದ ವರ್ಷವೇ ಇಲ್ಲಿ ನಮ್ಮ ರೈತನು ದಲಾಲಿಯ ಹಿಡಿತದಿಂದ ತನ್ನ ಬೆಳೆಯನ್ನು ಬಿಡಿಸಿಕೊಳ್ಳುವ ಸಹನಶಕ್ತಿಯನ್ನು ತೋರಿದನು. ಬೆಳೆಯು ರೈತನ ಕೈಗೆ ಬಂದಿತು. ಪೇಟೆಯೂ ಬಹುಮಟ್ಟಿಗೆ ಬಂದಿತು. ಆದರೆ ಆ ಬೆಳೆಯನ್ನು ಪೇಟೆಗೆ ಮುಟ್ಟಿಸುವವನ ಸ್ಥಿತಿಗತಿಯು ಈ ನೂರು ವರ್ಷಗಳಲ್ಲಿ ಯಾರ ಲೆಕ್ಕಕ್ಕೂ ಬರಲಿಲ್ಲ.

ಮೊದಮೊದಲು ಲ ಮಾನಿನಲ್ಲಿಯೂ ಸಾರಥಿಯ ದಣಿವು ಲೆಕ್ಕಕ್ಕೆ ಬರುತ್ತಿರಲಿಲ್ಲ. ಒಂದು ಗಾಡಿಗೆ ಇಬ್ಬರು ಇರುತ್ತಿದ್ದರು. ಆದರೆ ಒಬ್ಬನೇ ಓಡಿಸಬಾರದೆಂಬ ಕಟ್ಟು ಬಿಗಿಯಾಗಿರಲಿಲ್ಲ. ೧೯೫೦ರಲ್ಲಿ ಎಡ್ಡಿ ಹಾಲ್ ಎಂಬ ಆಂಗ್ಲನು ಇಡೀ ಇಪ್ಪತ್ತುನಾಲ್ಕು ತಾಸು ತಾನೊಬ್ಬನೇ ಓಡಿಸಿ ಎಂಟನೆಯವನಾದನು. ೧೯೫೨ರಲ್ಲಿ ಪಿಯೇರ್ ಲೆವೆಗ್ ಎಂಬ ಫ್ರೆಂಚನು ಅದನ್ನೇ ಮಾಡಲೆಳಸಿದನು. ಜತೆಗಾರನು ಸಿದ್ಧನಾಗಿ ನಿಂತಿದ್ದರೂ ಚಕ್ರವನ್ನು ಅವನ ಕೈಗೆ ಕೊಡಲಿಲ್ಲ. ರಾತ್ರಿ ಕಳೆಯಿತು, ಬೆಳಗಾಯಿತು, ಮಧ್ಯಾಹ್ನವೂ ಆಯಿತು; ಅವನೇ ಎಲ್ಲರಿಗಿಂತ ಮುಂದೆ, ಬಹು ಮುಂದೆ ಇದ್ದನು. ಇನ್ನು ಒಂದು ತಾಸಿನಷ್ಟು ಹೊತ್ತು ಉಳಿದಿರುವಾಗ ಅವನ ಗಾಡಿಯ ಯಂತ್ರವು ಮುರಿದುಹೋಯಿತು. ದಣಿದ ಕೈಯು ಗಿಯರನ್ನು ತಪ್ಪಾಗಿ ಹಾಕಿದುದೇ ಕಾರಣವೆಂದು ಹಲವರು ಹೇಳಿದರು. ಯಂತ್ರದಲ್ಲಿಯೇ ದೋಷವಿತ್ತೆಂದು ಕೆಲವರು ಹೇಳಿದರು. ಯಾವದೇ ಇರಲಿ, ಇಪ್ಪತ್ತಮೂರು ತಾಸುಗಳ ಸಾಹಸವು ಒಂದು ಕ್ಷಣದಲ್ಲಿ ಮಣ್ಣುಗೂಡಿತು. ಹಿಂದಿನಿಂದ ನಿಧಾನವಾಗಿ, ಸರದಿಯ ಮೇಲೆ ಇಬ್ಬಿಬ್ಬರು ಓಡಿಸುತ್ತ ಬಂದ ಜರ್ಮನರು ಗೆದ್ದರು.

ಇಂಥ ಅನುಭವಗಳ ತರುವಾಯ ಪಂದ್ಯವನ್ನು ನಡೆಯಿಸುವವರು ಸಾರಥಿಯ ತಾಸುಗಳಿಗೆ ಮಿತಿ ಹಾಕಿದರು. ಇಂದು ಲ ಮಾನಿನಲ್ಲಿ ಒಂದು ಗಾಡಿಗೆ ಮೂವರು ಸಾರಥಿಗಳು. ಯಾವನೂ ಆರು ತಾಸುಗಳ ಅವಧಿಯಲ್ಲಿ ನಾಲ್ಕು ತಾಸುಗಳಿಗಿಂತ ಹೆಚ್ಚು ಓಡಿಸಕೂಡದು. ಇಡೀ ಪಂದ್ಯದಲ್ಲಿ ಹದಿನಾಲ್ಕು ತಾಸುಗಳನ್ನು ಮೀರಕೂಡದು. ಮೀರಿದರೆ ತಂಡವೇ ದಂಡನೆಗೆ ಗುರಿ. ಒಬ್ಬನು ಓಡಿಸುತ್ತಿರುವಾಗ ಉಳಿದವರು ಉಂಡು ಮಲಗುತ್ತಾರೆ. ಅವರ ನಿದ್ರೆಯನ್ನು ಕಾಯಲು, ಅವರನ್ನು ಹೊತ್ತಿಗೆ ಸರಿಯಾಗಿ ಎಬ್ಬಿಸಲು ಬೇರೆ ಜನರಿರುತ್ತಾರೆ. ಬಹುಮಾನಕ್ಕಾಗಿ ಓಡುವ ಗಾಡಿಯಲ್ಲಿಯೂ ಮನುಷ್ಯನ ಕಣ್ಣೆವೆಗೆ ಬೆಲೆಯಿದೆ ಎಂಬದನ್ನು ಅವರು ಕಷ್ಟಪಟ್ಟು ಕಲಿತರು.

ಹಾದಿಯ ವಿಷಯದಲ್ಲಿಯೂ ಅವರು ಪಾಠ ಕಲಿತರು. ಆದರೆ ಅದಕ್ಕೆ ತೆತ್ತ ಬೆಲೆ ಘೋರವಾದುದು. ೧೯೫೫ರಲ್ಲಿ ಅದೇ ಲೆವೆಗನ ಗಾಡಿಯು ಇನ್ನೊಂದಕ್ಕೆ ತಗಲಿ ಚಿಮ್ಮಿ, ಅದರ ಚೂರುಗಳು ಪ್ರೇಕ್ಷಕರ ಗುಂಪಿನ ಮೇಲೆ ಬಿದ್ದವು. ಅವನೂ ಎಂಬತ್ತಕ್ಕೂ ಹೆಚ್ಚು ಪ್ರೇಕ್ಷಕರೂ ಮಡಿದರು. ಸ್ವಿಟ್ಜರ್ಲೆಂಡ್ ದೇಶವು ಮೋಟಾರು ಪಂದ್ಯಗಳನ್ನೇ ನಿಷೇಧಿಸಿ ಹಲವು ದಶಕಗಳವರೆಗೆ ಆ ನಿಷೇಧವನ್ನು ಉಳಿಸಿಕೊಂಡಿತು. ಲ ಮಾನಿನವರು ಮುಂದಿನ ಪಂದ್ಯಕ್ಕೆ ಮುನ್ನವೇ ಗಾಡಿಗಳು ನಿಂತು ಎಣ್ಣೆ ಹಾಕಿಸಿಕೊಳ್ಳುವ ಎಡೆಯನ್ನು ಕೆಡವಿ, ಹಾದಿಯನ್ನು ಅಗಲಿಸಿ, ಜನರನ್ನು ದೂರ ಸರಿಸಿದರು. ಕೋಟೆ ಸೂರೆಯಾದ ಮೇಲೆ ದಿಡ್ಡಿಬಾಗಿಲು ಹಾಕಿದರೆಂದು ಅವರನ್ನು ಆಡಿಕೊಳ್ಳಬಹುದು. ಆದರೆ ಸೂರೆಯಾದ ಮೇಲೆಯೂ ಬಾಗಿಲು ಹಾಕದೆ ಕುಳಿತವರಿಗೆ ಆ ಹಕ್ಕು ಎಲ್ಲಿಯದು?

ನಮ್ಮವರು ಈ ಪಂದ್ಯಗಳಲ್ಲಿ ಹಿಂದೆ ಬಿದ್ದಿಲ್ಲ. ೨೦೧೨ರಲ್ಲಿ ಮದ್ರಾಸಿನ ಶ್ರೀ ಕರುಣ್ ಚಾಂಧೋಕರು ಲ ಮಾನಿನಲ್ಲಿ ಓಡಿಸಿದ ಮೊದಲ ಭಾರತೀಯರಾದರು. ಅವರ ತಂಡವು ಒಟ್ಟಿನಲ್ಲಿ ಆರನೆಯ ಸ್ಥಾನ ಪಡೆಯಿತು. ೨೦೧೯ರಲ್ಲಿ ನಮ್ಮ ಬೆಂಗಳೂರಿನ ಶ್ರೀ ಅರ್ಜುನ್ ಮೈನಿಯವರು ಅಲ್ಲಿ ಚಕ್ರ ಹಿಡಿದರು. ದುಬೈಯ ಪಂದ್ಯದಲ್ಲಿ ಶ್ರೀ ಅಜಿತ್ ಕುಮಾರರು ನಡೆದುಕೊಂಡ ಬಗೆಯು ನಮಗೆ ಅವರ ಪದಕಕ್ಕಿಂತ ಹೆಚ್ಚು ಮೆಚ್ಚಿಕೆಯಾಯಿತು. ಅಭ್ಯಾಸದ ವೇಳೆಯಲ್ಲಿ ಅವರ ಗಾಡಿಯು ಅಪಘಾತಕ್ಕೀಡಾಗಿದ್ದಿತು. ಪಂದ್ಯವು ಬಹು ದೀರ್ಘವಾದುದು, ದೇಹಕ್ಕೆ ಭಾರವಾದುದು ಎಂಬದನ್ನು ಮನಗಂಡು, ತಂಡದ ಹಿತಕ್ಕಾಗಿ ಅವರು ಆ ಗಾಡಿಯ ಸಾರಥ್ಯವನ್ನು ಜತೆಗಾರರಿಗೆ ಬಿಟ್ಟುಕೊಟ್ಟರು. ಆ ಗಾಡಿಯೇ ಮೂರನೆಯ ಸ್ಥಾನಕ್ಕೆ ಬಂದಿತು. ಯಾವಾಗ ಚಕ್ರವನ್ನು ಬಿಡಬೇಕೆಂಬದನ್ನು ಬಲ್ಲವನೇ ನಿಜವಾದ ಸಾರಥಿ. ಆದರೆ ಬಿಡಲು ಪಕ್ಕದಲ್ಲಿ ಇನ್ನೊಬ್ಬನು ಇರಬೇಕಷ್ಟೆ!

ಈಗ ಮಂಚಿಕೇರಿಗೆ ಬರೋಣ. ಯಲ್ಲಾಪುರ ಶಿರಸಿಗಳ ನಡುವಣ ಈ ಊರಿನ ಸುತ್ತ ಅಡಿಕೆಯ ತೋಟಗಳು, ಬಳಿಯಲ್ಲಿ ಬೇಡ್ತಿ ಹೊಳೆ. ಇಲ್ಲಿಯ ಚಾಲಿ ಅಡಿಕೆಯು ಉತ್ತರ ಹಿಂದುಸ್ಥಾನದ ಪೇಟೆಗಳಿಗೆ ಹೋಗುವದು ಲಾರಿಯ ಮೇಲೆ. ಇಲ್ಲಿಂದ ದಿಲ್ಲಿಯು ಸಾವಿರ ಮೈಲಿಗಳಿಗಿಂತಲೂ ದೂರ. ಹೊರೆ ಏರಿಸಿ, ಹಗ್ಗ ಬಿಗಿದು, ತಾಡಪತ್ರಿ ಹೊದಿಸಿ, ಸಂಜೆಯ ದೀಪದ ಹೊತ್ತಿಗೆ ಹೊರಡುವ ಲಾರಿಯ ಚಾಲಕನನ್ನು ನಮ್ಮಲ್ಲಿ ಯಾರು ನೋಡಿಲ್ಲ? ಅವನ ಪಕ್ಕದಲ್ಲಿ ಕುಳಿತಿರುವವನು ಹೆಚ್ಚಾಗಿ ಕ್ಲೀನರ ಹುಡುಗ. ಅವನಿಗೆ ಓಡಿಸುವ ಪರವಾನಿಗೆ ಇರುವದಿಲ್ಲ. ಲ ಮಾನಿನ ಸಾರಥಿಗೆ ಅಂದಗೊಳಿಸಿದ ಹಾದಿ, ಹೆಜ್ಜೆಹೆಜ್ಜೆಗೆ ವೈದ್ಯರು, ಬೆಂಕಿ ಆರಿಸುವವರು. ನಾಲ್ಕು ತಾಸುಗಳೊಳಗೆ ಹಾಸಿಗೆ. ನಮ್ಮ ಚಾಲಕನಿಗೆ ಮಳೆಗಾಲದ ಮಂಜು, ಘಟ್ಟದ ಹಾವಿನಂಥ ತಿರುವುಗಳು, ಎದುರಿನಿಂದ ಕಣ್ಣು ಕುಕ್ಕುವ ದೀಪಗಳು, ಹೊತ್ತಿಗೆ ಮುಟ್ಟಿಸದಿದ್ದರೆ ಬಾಡಿಗೆಯಲ್ಲಿ ಕಡಿತ. ಸಹನೆಯ ಪಂದ್ಯವೆಂದರೆ ಇದು. ಆದರೆ ಇದಕ್ಕೆ ಪ್ರೇಕ್ಷಕರಿಲ್ಲ, ಕೊನೆಯ ಗೆರೆಯೂ ಇಲ್ಲ. ಒಂದು ಮುಗಿದೊಡನೆ ಇನ್ನೊಂದು ಹೊರೆ ಕಾದಿರುತ್ತದೆ.

ಕಾಯಿದೆಯು ಇಲ್ಲವೆಂದಲ್ಲ. ೧೯೬೧ರಲ್ಲಿಯೇ ನಮ್ಮ ಸಂಸತ್ತು ಮೋಟಾರು ಸಾಗಣೆ ಕೆಲಸಗಾರರ ಕಾಯಿದೆಯನ್ನು ಮಾಡಿ, ದಿನಕ್ಕೆ ಎಂಟು ತಾಸು, ವಾರಕ್ಕೆ ನಲ್ವತ್ತೆಂಟು ತಾಸು, ಐದು ತಾಸಿನ ಕೆಲಸದ ಮೇಲೆ ಅರ್ಧ ತಾಸಿನ ವಿಶ್ರಾಂತಿ ಎಂದು ವಿಧಿಸಿತು. ಐದು ಜನಕ್ಕಿಂತ ಕಡಿಮೆ ಕೆಲಸಗಾರರಿರುವ ಸಂಸ್ಥೆಗಳಿಗೆ ಆ ಕಾಯಿದೆಯು ತಾನಾಗಿ ಅನ್ವಯಿಸುತ್ತಿರಲಿಲ್ಲ. ಒಂದೆರಡು ಲಾರಿಗಳ ಒಡೆಯರೇ ಹೆಚ್ಚಾಗಿರುವ ನಮ್ಮ ದೇಶದಲ್ಲಿ ಇದು ದೊಡ್ಡ ತೂತು. ೧೯೮೮ರ ಮೋಟಾರು ವಾಹನ ಕಾಯಿದೆಯು ಅದೇ ತಾಸುಗಳನ್ನು ಸಾಗಣೆ ವಾಹನಗಳ ಚಾಲಕರಿಗೆಲ್ಲ ಹೇಳಿ ಆ ತೂತನ್ನು ಕಾಗದದ ಮೇಲೆ ಮುಚ್ಚಿತು. ೨೦೨೫ರ ನವೆಂಬರದಲ್ಲಿ ಹೊಸ ಕಾರ್ಮಿಕ ಸಂಹಿತೆಯು ಜಾರಿಗೆ ಬಂದು ೧೯೬೧ರ ಕಾಯಿದೆಯ ಸ್ಥಾನವನ್ನು ಹಿಡಿಯಿತು. ದಿನಕ್ಕೆ ಎಂಟು ತಾಸು ಎಂಬ ತತ್ವವು ಅದರಲ್ಲಿಯೂ ಉಳಿದಿದೆ. ಆದರೆ ಯಲ್ಲಾಪುರದ ನಾಕೆಯಲ್ಲಿ ನಿಂತು, ಅಪ್ಪಾ, ನೀನು ಎಷ್ಟು ತಾಸಿನಿಂದ ಚಕ್ರ ಹಿಡಿದಿರುವೆ ಎಂದು ಚಾಲಕನನ್ನು ಕೇಳುವ ಅಧಿಕಾರಿಯನ್ನು ನಾವು ಈವರೆಗೆ ಕಂಡಿಲ್ಲ. ಕಾಗದಪತ್ರ ಕೇಳುವವರುಂಟು, ಹೊರೆಯ ತೂಕ ಕೇಳುವವರುಂಟು. ನಿದ್ರೆಯ ಲೆಕ್ಕ ಕೇಳುವವರಿಲ್ಲ.

ಇದಕ್ಕಿಂತ ಖೇದಕರವಾದ ಸಂಗತಿ ಇನ್ನೊಂದುಂಟು. ರಾಷ್ಟ್ರೀಯ ಪರವಾನಿಗೆ ಪಡೆದು ರಾಜ್ಯರಾಜ್ಯಗಳನ್ನು ದಾಟುವ ಲಾರಿಯಲ್ಲಿ ಕನಿಷ್ಠ ಇಬ್ಬರು ಚಾಲಕರಿರಬೇಕು, ಚಾಲಕನ ಹಿಂದೆ ಎರಡನೆಯವನು ಮೈಚಾಚಿ ಮಲಗುವಂಥ ಆಸನವಿರಬೇಕು ಎಂದು ಕೇಂದ್ರ ಸರಕಾರದ ನಿಯಮಗಳಲ್ಲಿಯೇ ಇದ್ದಿತು. ಪಾಲನೆಯು ಎಷ್ಟರಮಟ್ಟಿಗೆ ಇತ್ತೋ, ನಿಯಮವಂತೂ ಇದ್ದಿತು. ೨೦೧೮ರಲ್ಲಿ ಇಬ್ಬರು ಚಾಲಕರ ಆ ಕಟ್ಟನ್ನು ಸಡಿಲಿಸಲಾಯಿತು. ಅದೇ ವರ್ಷ ಲಾರಿಗಳು ಹೊರಬಹುದಾದ ಭಾರದ ಮಿತಿಯನ್ನು ಕಾಲುಪಾಲಿನವರೆಗೆ ಏರಿಸಲಾಯಿತು. ಹೊರೆ ಹೆಚ್ಚಿತು, ಕೈ ಕಡಿಮೆಯಾಯಿತು! ಆಟಕ್ಕಾಗಿ ಓಡುವವರು ಇಬ್ಬರಿದ್ದುದನ್ನು ಮೂವರಾಗಿ ಮಾಡಿಕೊಂಡರು; ಹೊಟ್ಟೆಗಾಗಿ ಓಡುವವರಲ್ಲಿ ಇಬ್ಬರಿರಬೇಕಾದುದನ್ನು ನಾವು ಒಬ್ಬನನ್ನಾಗಿ ಮಾಡಿದೆವು. ಇದನ್ನು ಪ್ರಗತಿಯೆಂದು ಕರೆಯಲು ನಮ್ಮ ನಾಲಿಗೆ ಏಳುವದಿಲ್ಲ.

ಲಾರಿಯ ಒಡೆಯರ ವಾದವನ್ನೂ ಕೇಳಬೇಕಾದುದು ನ್ಯಾಯ. ಡೀಸೆಲಿನ ಬೆಲೆ ಏರಿದೆ, ಸುಂಕ ಏರಿದೆ, ಬಾಡಿಗೆ ಏರಿಲ್ಲ. ಎರಡನೆಯ ಚಾಲಕನ ಸಂಬಳವನ್ನು ಎಲ್ಲಿಂದ ತರೋಣ? ಸಂಬಳ ಕೊಟ್ಟರೂ ಚಾಲಕರು ಸಿಕ್ಕುವದೆಲ್ಲಿ? ಎಂದು ಅವರು ಕೇಳುತ್ತಾರೆ. ಇದರಲ್ಲಿ ಸತ್ಯವಿದೆ. ಆದರೆ ಚಾಲಕರು ಏಕೆ ಸಿಕ್ಕುವದಿಲ್ಲ? ತಂದೆಯು ಬಿದ್ದ ಬಾಳನ್ನು ಕಂಡ ಮಗನು ಆ ಕೆಲಸಕ್ಕೆ ಬರಲೊಲ್ಲನು. ಕೆಲಸವನ್ನು ಮನುಷ್ಯರಿಗೆ ತಕ್ಕುದನ್ನಾಗಿ ಮಾಡಿದರೆ ಮನುಷ್ಯರು ಬರುತ್ತಾರೆ. ಇನ್ನು ಖರ್ಚಿನ ಮಾತು. ಅದನ್ನು ಒಡೆಯನೊಬ್ಬನ ತಲೆಯ ಮೇಲೆ ಹೇರಬೇಕೆಂದು ನಾವು ಹೇಳುವದಿಲ್ಲ. ಮಾಲು ಕಳುಹುವವನೂ ಕೊಳ್ಳುವವನೂ ಅದರಲ್ಲಿ ಪಾಲು ಹೊರಬೇಕು. ಎರಡನೆಯ ಚಾಲಕನಿಗೆ ತಗಲುವ ವೆಚ್ಚವನ್ನು ಒಂದು ಲಾರಿಯ ಅಡಿಕೆಯ ಮೇಲೆ ಹಂಚಿದರೆ ಕಿಲೋ ಒಂದಕ್ಕೆ ಬೀಳುವದು ಅತ್ಯಲ್ಪ.

ಯುರೋಪದವರು ಈ ಶಿಸ್ತನ್ನು ಪಂದ್ಯಕ್ಕೆ ಮಾತ್ರ ಇಟ್ಟುಕೊಂಡಿಲ್ಲವೆಂಬದನ್ನೂ ಇಲ್ಲಿ ಹೇಳಬೇಕು. ಅಲ್ಲಿಯ ಲಾರಿಗಳಲ್ಲಿ ಚಾಲಕನು ಚಕ್ರ ಹಿಡಿದ ಪ್ರತಿಯೊಂದು ನಿಮಿಷವನ್ನೂ ಬರೆದಿಡುವ ಯಂತ್ರವಿರುತ್ತದೆ. ನಾಲ್ಕೂವರೆ ತಾಸು ಓಡಿಸಿದ ಮೇಲೆ ಮುಕ್ಕಾಲು ತಾಸು ನಿಲ್ಲಲೇಬೇಕು. ದಿನಕ್ಕೆ ಸಾಮಾನ್ಯವಾಗಿ ಒಂಬತ್ತು ತಾಸುಗಳನ್ನು ಮೀರಕೂಡದು. ನಾವಾದರೋ ಪರದೇಶದ ಗಾಡಿಯ ಚಿತ್ರವನ್ನು ಗೋಡೆಗೆ ಅಂಟಿಸಿಕೊಂಡೆವು. ಆ ಗಾಡಿಯ ಹಿಂದಿನ ಕಟ್ಟಳೆಯನ್ನು ಅಲ್ಲಿಯೇ ಬಿಟ್ಟೆವು.

ನಿಲ್ಲು ಎಂದರೆ ನಿಲ್ಲುವದಾದರೂ ಎಲ್ಲಿ? ಮಂಚಿಕೇರಿಯ ಬಳಿ ಹರಿಯುವ ಬೇಡ್ತಿಯು ಮಾಗೋಡಿನಲ್ಲಿ ಧುಮುಕಿ, ಗಂಗಾವಳಿಯೆಂಬ ಹೆಸರು ತಳೆದು, ಗುಳ್ಳಾಪುರವನ್ನು ದಾಟಿ, ಅಂಕೋಲೆಯ ಕಡೆಗೆ ಇಳಿದು ಕಡಲು ಸೇರುತ್ತದೆ. ಆ ಹೊಳೆಯ ದಂಡೆಯ ಮೇಲೆಯೇ ಶಿರೂರು ಇದೆ. ೨೦೨೪ರ ಜುಲೈ ೧೬ರ ಬೆಳಿಗ್ಗೆ ಅಲ್ಲಿ ಗುಡ್ಡವು ಕುಸಿದು, ಹೆದ್ದಾರಿಯ ಬದಿಯ ಚಹದಂಗಡಿಯನ್ನೂ, ಅದನ್ನು ನಡೆಯಿಸುತ್ತಿದ್ದ ಕುಟುಂಬವನ್ನೂ, ಅಲ್ಲಿ ಲಾರಿ ನಿಲ್ಲಿಸಿದ್ದವರನ್ನೂ ಹೊಳೆಗೆ ನೂಕಿತು. ಕೇರಳದ ಚಾಲಕನೊಬ್ಬನ ದೇಹವು ಅವನ ಲಾರಿಯೊಡನೆ ನೀರಿನಿಂದ ಮೇಲೆ ಬಂದುದು ಎಪ್ಪತ್ತೊಂದು ದಿನಗಳ ಮೇಲೆ. ಅವರು ಮಾಡಿದ ತಪ್ಪೇನು? ದಣಿದವರು ನಿಂತರು, ನಿಲ್ಲಲು ತಕ್ಕ ಎಡೆಯು ಬೇರೆ ಇಲ್ಲದ್ದರಿಂದ, ಕಡಿದ ಗುಡ್ಡಕ್ಕೂ ತುಂಬಿದ ಹೊಳೆಗೂ ನಡುವೆ ನಿಂತರು. ನಿಲ್ಲದೆ ಹೋದವನಿಗೆ ಕಣಿವೆ, ನಿಂತವನಿಗೆ ಹೊಳೆ ಎಂಬಂತಾದರೆ ಅವನು ಮಾಡುವದಾದರೂ ಏನು?

೨೦೨೪ರ ಫೆಬ್ರುವರಿಯಲ್ಲಿ ಪ್ರಧಾನಮಂತ್ರಿಗಳು ಹೆದ್ದಾರಿಗಳಲ್ಲಿ ಲಾರಿ ಟ್ಯಾಕ್ಸಿಗಳ ಚಾಲಕರಿಗಾಗಿ ಮೊದಲ ಹಂತದಲ್ಲಿ ಸಾವಿರ ವಿಶ್ರಾಂತಿಗೃಹಗಳನ್ನು ಕಟ್ಟುವದಾಗಿ ಸಾರಿದರು. ಹೊಸದಾಗಿ ತಯಾರಾಗುವ ಲಾರಿಗಳಲ್ಲಿ ಚಾಲಕನ ಕೋಣೆಗೆ ಹವಾನಿಯಂತ್ರಣವಿರಬೇಕೆಂದೂ ವಿಧಿಸಲಾಯಿತು. ಇವು ಸ್ವಾಗತಾರ್ಹವಾದ ಮಾತುಗಳು. ಆದರೆ ತಂಪು ಗಾಳಿಯು ಸೆಕೆಯನ್ನು ಕಳೆಯಬಲ್ಲದೇ ಹೊರತು ನಿದ್ರೆಯ ಸಾಲವನ್ನು ತೀರಿಸಲಾರದು. ಆ ಸಾವಿರ ಗೃಹಗಳಲ್ಲಿ ಅರಬೈಲ್ ಘಟ್ಟದ ಮೇಲೊಂದು, ಕೆಳಗೊಂದು, ಶಿರಸಿಯ ದೇವಿಮನೆ ಘಟ್ಟದ ತಲೆಯಲ್ಲೊಂದು ಬರಬೇಕೆಂದು ಕೇಳುವದು ದುರಾಶೆಯಲ್ಲ.

ಹುಬ್ಬಳ್ಳಿಯಿಂದ ಕರಾವಳಿಗೆ ಇಳಿಯುವ ಈ ಘಟ್ಟದ ಹಾದಿಯ ಚರಿತ್ರೆಯು ನಮ್ಮ ಹಿರಿಯರಿಗೆ ಗೊತ್ತು. ೧೮೬೨ರಲ್ಲಿ ನಮ್ಮ ಜಿಲ್ಲೆಯನ್ನು ಮದ್ರಾಸಿನಿಂದ ಮುಂಬಯಿ ಇಲಾಖೆಗೆ ಸೇರಿಸಿದ ಕಾಲಕ್ಕೆ, ಧಾರವಾಡ ಸೀಮೆಯ ಹತ್ತಿಯು ಕಾರವಾರದ ಬಂದರಿಗಿಳಿದು ಪರದೇಶದ ಗಿರಣಿಗಳಿಗೆ ಹೋಗಲೆಂಬ ಹವಣಿಕೆಯಿಂದ ಆಳರಸರು ಘಟ್ಟಗಳನ್ನು ಕಡಿಸಿದರು. ಅವರಿಗೆ ಬೇಕಾದುದು ಹತ್ತಿ. ಗಾಡಿ ಹೊಡೆಯುವವನ ಜೀವವಲ್ಲ. ಇಂದು ಹೊರೆ ನಮ್ಮದು, ಹಾದಿ ನಮ್ಮದು, ಸರಕಾರ ನಮ್ಮದು. ಆದರೂ ಹಳೆಯ ದೃಷ್ಟಿಯೇ ಉಳಿದರೆ ಸ್ವರಾಜ್ಯದಿಂದ ಬಂದ ವ್ಯತ್ಯಾಸವೇನು? ಹುಬ್ಬಳ್ಳಿ ಅಂಕೋಲೆಗಳ ರೈಲುಮಾರ್ಗದ ಮಾತು ದಶಕಗಳಿಂದ ನಡೆದಿದೆ. ಕಾಡಿನ ಪ್ರಶ್ನೆಯು ಬಗೆಹರಿದು ಅದು ಬರುವದೋ ಬಾರದೋ, ಅಲ್ಲಿಯವರೆಗೆ ಭಾರವೆಲ್ಲ ಲಾರಿಯ ಮೇಲೆಯೇ.

ನಮ್ಮ ತರುಣರಿಗೂ ಒಂದು ಮಾತು. ದುಬೈಯ ಪಂದ್ಯವನ್ನು ಕೈಯಲ್ಲಿಯ ಫೋನಿನಲ್ಲಿ ಕಂಡು, ರಾತ್ರಿ ಘಟ್ಟದ ತಿರುವಿನಲ್ಲಿ ಗಾಡಿಯ ವೇಗವನ್ನು ಪರೀಕ್ಷಿಸ ಹೊರಡುವವರುಂಟು. ಸರಕಾರದ ಲಿಖಿತ ಒಪ್ಪಿಗೆಯಿಲ್ಲದೆ ಸಾರ್ವಜನಿಕ ಹಾದಿಯಲ್ಲಿ ಪಂದ್ಯ ನಡೆಯಿಸುವದು ೧೯೮೮ರ ಕಾಯಿದೆಯ ೧೮೯ನೆಯ ಕಲಮಿನಂತೆ ಅಪರಾಧ. ಅದಕ್ಕಿಂತ ಮುಖ್ಯವಾಗಿ, ಅದು ಆ ಪಂದ್ಯದ ಅರ್ಥವನ್ನೇ ತಿಳಿಯದ ನಡತೆ. ದಿನವಿಡೀ ನಡೆಯುವ ಪಂದ್ಯವನ್ನು ಗೆಲ್ಲುವವನು ಒಂದು ತಿರುವಿನಲ್ಲಿ ಮೆರೆದವನಲ್ಲ. ಎಲ್ಲ ತಿರುವುಗಳನ್ನೂ ದಾಟಿ ಮರುದಿನ ಬೆಳಕು ಕಂಡವನು.

೨೦೨೨ನೆಯ ವರ್ಷವೊಂದರಲ್ಲಿಯೇ ಭಾರತದ ಹಾದಿಗಳಲ್ಲಿ ೧,೬೮,೪೯೧ ಜನರು ಸತ್ತರೆಂದು ಸರಕಾರದ ಲೆಕ್ಕವೇ ಹೇಳುತ್ತದೆ. ಯಾವ ಯುದ್ಧದಲ್ಲಿಯೂ ನಾವು ಇಷ್ಟು ಜನರನ್ನು ಒಂದು ವರ್ಷದಲ್ಲಿ ಕಳಕೊಳ್ಳಲಿಲ್ಲ. ಆದುದರಿಂದ ನಮ್ಮ ಬೇಡಿಕೆಗಳನ್ನು ಸಂಕ್ಷೇಪವಾಗಿ ಮುಂದಿಡುತ್ತೇವೆ. ಕೇಂದ್ರ ಸರಕಾರದವರು ೨೦೧೮ರಲ್ಲಿ ಸಡಿಲಿಸಿದ ಕಟ್ಟನ್ನು ಮತ್ತೆ ಬಿಗಿದು, ರಾತ್ರಿಯೆಲ್ಲ ಓಡುವ ದೂರದ ಲಾರಿಗಳಿಗಾದರೂ ಇಬ್ಬರು ಚಾಲಕರನ್ನು ಕಡ್ಡಾಯ ಮಾಡಬೇಕು. ಸಾರಿಗೆ ಇಲಾಖೆಯ ಅಧಿಕಾರಿಗಳು ನಾಕೆಗಳಲ್ಲಿ ಹೊರೆಯ ತೂಕದಂತೆಯೇ ಚಾಲಕನ ತಾಸುಗಳನ್ನೂ ತಪಾಸಿಸಬೇಕು. ದಂಡವು ಚಾಲಕನ ಮೇಲಲ್ಲ, ಅವನನ್ನು ಓಡಿಸಿದವನ ಮೇಲೆ ಬೀಳಬೇಕು. ಲೋಕೋಪಯೋಗಿ ಇಲಾಖೆಯವರೂ ಹೆದ್ದಾ್ದರಿಯ ಪ್ರಾಧಿಕಾರದವರೂ ಘಟ್ಟದಲ್ಲಿ ತಡೆಗೋಡೆಯಿಲ್ಲದ ತಿರುವುಗಳ ಯಾದಿಯನ್ನು ಮಾಡಿ ಜನರ ಮುಂದಿಡಬೇಕು. ಇವೆಲ್ಲ ಸರಕಾರದ ಹೊಣೆ.

ನಮ್ಮ ಹೊಣೆಯೂ ಒಂದುಂಟು. ಸರಕಾರವು ಏಳುವವರೆಗೆ ಕಾಯಬೇಕಾದ ಕಾರಣವಿಲ್ಲ. ನೂರು ವರ್ಷಗಳ ಹಿಂದೆ ಯಾರ ಅಪ್ಪಣೆಯನ್ನೂ ಕಾಯದೆ ಸಂಘ ಕಟ್ಟಿದ ಸೀಮೆ ಇದು. ಶಿರಸಿ, ಸಿದ್ಧಾಪುರ, ಯಲ್ಲಾಪುರಗಳ ಸಹಕಾರಿ ಸಂಘಗಳೂ ವ್ಯಾಪಾರಿಗಳೂ ಕೂಡಿ, ನಮ್ಮ ಅಡಿಕೆಯನ್ನು ದೂರದ ಪೇಟೆಗೆ ಒಯ್ಯುವ ಲಾರಿಯಲ್ಲಿ ಇಬ್ಬರು ಚಾಲಕರಿಲ್ಲದಿದ್ದರೆ ಹೊರೆ ಏರಿಸುವದಿಲ್ಲವೆಂದು ನಿಶ್ಚಯಿಸಿದರೆ ಯಾವ ಕಾಯಿದೆಯು ತಡೆದೀತು? ಅದಕ್ಕೆ ತಗಲುವ ಅಲ್ಪ ವೆಚ್ಚವನ್ನು ಬಾಡಿಗೆಯಲ್ಲಿ ಸೇರಿಸಿ ಕೊಡಲಿ. ಮಾಲು ಒಂದು ದಿನ ತಡವಾಗಿ ಮುಟ್ಟಿದರೆ ಮುಟ್ಟಲಿ. ಒಣಗಿದ ಅಡಿಕೆಯು ಒಂದು ದಿನದಲ್ಲಿ ಕೆಡುವದಿಲ್ಲ.

ಮಂಚಿಕೇರಿಯಿಂದ ಇಂದು ಸಂಜೆ ಹೊರಡುವ ಲಾರಿಯ ಚಾಲಕನಿಗೆ ಪದಕ ಬೇಡ, ಜಯಘೋಷ ಬೇಡ. ನಡುರಾತ್ರಿಯಲ್ಲಿ ಕಣ್ಣು ಭಾರವಾದಾಗ ಚಕ್ರವನ್ನು ಒಪ್ಪಿಸಲು ಪಕ್ಕದಲ್ಲಿ ಒಬ್ಬ ಜತೆಗಾರ, ಮೈ ಚಾಚಲು ಮೂರು ಮೊಳ ಜಾಗ, ಗಾಡಿ ನಿಲ್ಲಿಸಲು ಭಯವಿಲ್ಲದ ಒಂದು ಬಯಲು ಸಾಕು. ಆಟದವರು ತಮ್ಮವರಿಗೆ ಕೊಟ್ಟಿರುವ ಇಷ್ಟನ್ನು ನಾಡು ತನ್ನ ಅನ್ನ ಹೊರುವವರಿಗೆ ಕೊಡಲಿ ಎಂದು ನಾವು ಸರಕಾರವನ್ನೂ ಸಂಘಗಳನ್ನೂ ಒತ್ತಾಯಪಡಿಸುತ್ತೇವೆ.